'ಪ್ರೊಪಗಾಂಡ'ಕ್ಕೆ 'ಪ್ರಚಾರ' ಸಾಕೇ? ಮಾಸ್ಕೋದ ಮಾತುಕತೆಗಳನ್ನು ಕನ್ನಡಕ್ಕೆ ತರುವಾಗ ಎದುರಾದ ಪದಗಳು

ಗೆಳೆಯರೇ,

ಮಾಸ್ಕೋದಲ್ಲಿ ಬಹಳ ಕಾಲದಿಂದ ನೆಲೆಸಿರುವ ಬೇರೆ ದೇಶದವರ ಮಾತುಕತೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇವರಲ್ಲಿ ಐರ್ಲೆಂಡಿನ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದಾರೆ. ಫ್ರಾನ್ಸಿನಿಂದ ಬಂದು ಅಡುಗೆ ಕೆಲಸ ಮಾಡುವವರಿದ್ದಾರೆ. ಓದೋಕೆ ಹೋಗಿ, ಅಲ್ಲೇ ಮದುವೆಯಾಗಿ ಉಳಿದ ನಮ್ಮ ಕನ್ನಡದ ವೈದ್ಯೆಯೊಬ್ಬರೂ ಇದ್ದಾರೆ. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿದ ಮೇಲೆ ಇವರು ಸೇರಿದ ಕಡೆಯಲ್ಲೆಲ್ಲ ಅದೇ ಮಾತು, ಅದೇ ವಾದ. ಆ ವಾದವನ್ನು ಕನ್ನಡಕ್ಕೆ ತರುವಾಗ ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ಬಲ್ಲವರು ದಯವಿಟ್ಟು ಸಹಾಯ ಮಾಡಬೇಕು.

ಮುಖ್ಯವಾದದ್ದು 'ಪ್ರೊಪಗಾಂಡ'. ನಿಘಂಟುಗಳನ್ನು ನೋಡಿಯಾಯಿತು. ಪ್ರಚಾರ, ಅಪಪ್ರಚಾರ, ಪ್ರಚಾರಾಂದೋಲನ ಅಂತೆಲ್ಲ ಇದೆ. ಆದರೆ ಈ ಸಂದರ್ಭಕ್ಕೆ ಯಾವುದೂ ಒಗ್ಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಐರ್ಲೆಂಡಿನ ಮೇಷ್ಟ್ರ ಹೆಂಡತಿ ರಷ್ಯಾದವರು. ಅವರ ಅತ್ತೆ ಜೊತೆಗೇ ಇದ್ದಾರೆ. ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ಪುಟ್ಟ ಟೀವಿಯಲ್ಲಿ ಮೊದಲನೇ ಚಾನೆಲ್‌ನ 'ವ್ರೇಮ್ಯಾ' ವಾರ್ತೆ ಶುರುವಾಗುತ್ತದೆ. ಒಂದು ದಿನ ಊಟ ಮಾಡುತ್ತಾ ಅಳಿಯ, "ಇದೆಲ್ಲ ಪ್ರೊಪಗಾಂಡ" ಎಂದರು. ಅತ್ತೆ ಸಿಟ್ಟಾಗಲಿಲ್ಲ. ಸೂಪಿಗೆ ಉಪ್ಪು ಹಾಕುತ್ತಲೇ, "ಹೌದು, ಪ್ರೊಪಗಾಂಡನೇ. ಅದರಲ್ಲಿ ತಪ್ಪೇನು?" ಎಂದು ಕೇಳಿದರು.

ಇದನ್ನು ಕನ್ನಡದಲ್ಲಿ ಬರೆದು ನೋಡಿ. "ಇದೆಲ್ಲ ಅಪಪ್ರಚಾರ" "ಹೌದು, ಅಪಪ್ರಚಾರನೇ, ತಪ್ಪೇನು?" ಅಂದರೆ ಅತ್ತೆಗೆ ತಲೆ ಕೆಟ್ಟಿದೆ ಅನಿಸುತ್ತದೆ. "ಇದೆಲ್ಲ ಪ್ರಚಾರ" "ಹೌದು, ಪ್ರಚಾರನೇ" ಅಂದರೆ ಅತ್ತೆಯ ಮಾತು ಸರಿಹೋಗುತ್ತದೆ, ಅಳಿಯನ ಮಾತಿನ ಮೊನೆಯೇ ಹೋಗುತ್ತದೆ. ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಇಟ್ಟರೆ, ನಮ್ಮ ಓದುಗರು ಅದನ್ನು ಇಂಗ್ಲಿಷಿನ ಅರ್ಥದಲ್ಲೇ ಓದುತ್ತಾರೆ. ಆಗ ಅತ್ತೆ ನಾಚಿಕೆ ಬಿಟ್ಟವರ ಹಾಗೆ ಕಾಣುತ್ತಾರೆ. ಅವರು ಹಾಗಿಲ್ಲ. ಅವರಿಗೆ ಆ ಪದ ಬೈಗುಳವೇ ಅಲ್ಲ, ಅಷ್ಟೇ.

ರಷ್ಯನ್ನಿನಲ್ಲಿ 'ಪ್ರೊಪಗಾಂಡ' ತಾನಾಗಿ ಕೆಟ್ಟ ಪದವಲ್ಲ. ಸೋವಿಯತ್ ಕಾಲದಲ್ಲಿ ಪಕ್ಷದ ಪ್ರೊಪಗಾಂಡ ವಿಭಾಗ ಎಂದರೆ ಗೌರವದ ಕೆಲಸ. ರಷ್ಯಾದ ಹಳೆಯ ಮಾರ್ಕ್ಸ್‌ವಾದಿ ಚಿಂತಕ ಪ್ಲೆಖಾನೊವ್ ಕಾಲದಿಂದಲೂ ಅಲ್ಲಿ ಎರಡು ಪದಗಳನ್ನು ಬೇರೆ ಇಟ್ಟಿದ್ದರು. ಕೆಲವರಿಗೆ ಹಲವು ವಿಚಾರ ಬಿಡಿಸಿ ಹೇಳುವವನು ಪ್ರೊಪಗಾಂಡದವನು. ಸಾವಿರಾರು ಜನರಿಗೆ ಒಂದೇ ವಿಚಾರವನ್ನು ಮುಟ್ಟಿಸುವವನು ಅಗಿತಾತೊರ್, ಅಂದರೆ ಚಳವಳಿಗೆ ಹುರಿದುಂಬಿಸುವವನು. ಇವತ್ತಿಗೂ ಅಲ್ಲಿ 'ಆರೋಗ್ಯಕರ ಜೀವನದ ಪ್ರೊಪಗಾಂಡ', 'ರಸ್ತೆ ಸುರಕ್ಷತೆಯ ಪ್ರೊಪಗಾಂಡ' ಎಂದು ಸಲೀಸಾಗಿ ಹೇಳುತ್ತಾರೆ. ಟೀವಿಯವರನ್ನು ಬೈಯುವಾಗ ಅದೇ ಪದ ಕೆಟ್ಟ ಅರ್ಥದಲ್ಲೂ ಬರುತ್ತದೆ. ಹೀಗಾಗಿ ಒಂದೇ ಮೇಜಿನ ಮುಂದೆ ಕೂತ ಇಬ್ಬರು ಒಂದೇ ಪದ ಆಡಿ ಬೇರೆ ಬೇರೆ ಮಾತು ಹೇಳುತ್ತಿದ್ದಾರೆ. ಜಗಳದ ಅರ್ಧ ಇಲ್ಲೇ ಇದೆ.

'ಅಪಪ್ರಚಾರ'ಕ್ಕೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಅಪಪ್ರಚಾರ ಯಾವಾಗಲೂ ಯಾರದ್ದೋ 'ವಿರುದ್ಧ' ನಡೆಯುತ್ತದೆ. "ನನ್ನ ವಿರುದ್ಧ ಅಪಪ್ರಚಾರ ಮಾಡುತ್ತಿದ್ದಾರೆ" ಅನ್ನುತ್ತೇವೆ. "ನನ್ನ ಪರವಾಗಿ ಅಪಪ್ರಚಾರ ಮಾಡಿದರು" ಅನ್ನಲ್ಲ, ಅಲ್ವಾ? ಆದರೆ ಸರ್ಕಾರಿ ಟೀವಿಯಲ್ಲಿ ಹೊಗಳಿಕೆ ಜಾಸ್ತಿ. ಸೈನಿಕನ ತಾಯಿ, ಹೊಸ ಸೇತುವೆ, ಗೋಧಿಯ ಫಸಲು. ಅದಕ್ಕೆ 'ಸುಳ್ಳುಪ್ರಚಾರ' ಅನ್ನೋಣ ಅಂದರೆ ಅದೂ ಹೊಂದಲ್ಲ. ಫಸಲು ಸುಳ್ಳಲ್ಲ. ನಿಜವಾದ ಫಸಲನ್ನು ತೋರಿಸುತ್ತಲೇ ಬೇರೆ ಏನನ್ನೋ ತೋರಿಸದೆ ಇರುವುದು ಅಲ್ಲಿಯ ಕಸುಬು. ಸುಳ್ಳು ಅಂದುಬಿಟ್ಟರೆ ಆ ಕಸುಬೇ ನಮಗೆ ಕಾಣದೆ ಹೋಗುತ್ತದೆ. ಈ ಕಾರಣಕ್ಕೆ ನಾನು ಪದದ ಬಗ್ಗೆ ಇಷ್ಟು ಹಟ ಹಿಡಿದಿದ್ದೇನೆ.

ನಮ್ಮ ವೈದ್ಯೆಯನ್ನೇ ಕೇಳಿದೆ. ಅವರು ಮಾತಾಡಿದ್ದು ಕನ್ನಡದಲ್ಲೇ: "ನಾನು ಟೀವಿ ಹಾಕೋದೇ ಬಿಟ್ಟೆ ಕಣ್ರೀ. ದಿನಾ ತಲೆಗೆ ತುಂಬ್ತಾರೆ." 'ತಲೆಗೆ ತುಂಬು' ಒಳ್ಳೆಯ ಮಾತು. ಆದರೆ ಅದು ಕೇಳುವವನ ಕಡೆಯಿಂದ ನೋಡಿದ್ದು. ಹೇಳುವವನ ಕಸುಬಿಗೆ ಏನನ್ನೋಣ? 'ಕಿವಿ ಊದು' ಇದೆ, ಅದು ಗುಟ್ಟಿನ ಕೆಲಸ. 'ತುತ್ತೂರಿ ಊದು' ಇದೆ, ಅದರಲ್ಲಿ ಬೈಗುಳವೇ ಜಾಸ್ತಿ. 'ಡಂಗುರ ಸಾರು' ಅಂದರೆ ಬರೀ ಗಟ್ಟಿಯಾಗಿ ಹೇಳುವುದು. 'ಬಹುಪರಾಕು' ಹೊಗಳಿಕೆಗೆ ಮಾತ್ರ ಸಾಕು.

ಕೊನೆಗೆ ನನಗೆ ಹಿಡಿಸಿದ್ದು 'ಹಬ್ಬಿಸು'. ಪ್ರೊಪಗಾಂಡದ ಬೇರಿಗೆ ಹೋದರೆ ಲ್ಯಾಟಿನ್ನಿನಲ್ಲಿ ಗಿಡಬಳ್ಳಿಯ ಕೊಂಬೆಯನ್ನು ನೆಲಕ್ಕೆ ಊರಿ ಬೆಳೆಸುವ, ಹಬ್ಬಿಸುವ ಕ್ರಿಯಾಪದ ಸಿಗುತ್ತದೆ. 1622ರಲ್ಲಿ ಹದಿನೈದನೇ ಗ್ರೆಗರಿ ಪೋಪ್ ಕ್ರೈಸ್ತ ಮತವನ್ನು ಹಬ್ಬಿಸಲು ರೋಮಿನಲ್ಲಿ ಒಂದು ಮಂಡಳಿ ಮಾಡಿದರು. ಅದರ ಹೆಸರಿನಿಂದಲೇ ಈ ಪದ ಯುರೋಪಿನ ಭಾಷೆಗಳಿಗೆಲ್ಲ ಹೋಯಿತು. ಕನ್ನಡದಲ್ಲೂ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತೇವೆ, ಸುದ್ದಿಯನ್ನೂ ಹಬ್ಬಿಸುತ್ತೇವೆ, ಗಾಳಿಮಾತನ್ನೂ ಹಬ್ಬಿಸುತ್ತೇವೆ. ಒಳ್ಳೆಯದಕ್ಕೂ ಸಲ್ಲುತ್ತದೆ, ಕೆಟ್ಟದಕ್ಕೂ ಸಲ್ಲುತ್ತದೆ. ಆಗ ಆ ಊಟದ ಮೇಜಿನ ಮಾತು ಹೀಗಾಗುತ್ತದೆ: "ಏನೇನು ಹಬ್ಬಿಸ್ತಾರೆ ನೋಡಿ!" "ಹಬ್ಬಿಸಲಿ ಬಿಡು, ತಪ್ಪೇನು? ನಾವು ಹಬ್ಬಿಸದೇ ಇದ್ದರೆ ಅವರು ಹಬ್ಬಿಸ್ತಾರೆ." ಇಬ್ಬರಿಗೂ ಅನ್ಯಾಯವಾಗಲಿಲ್ಲ. ತೊಂದರೆ ಏನೆಂದರೆ ಇದು ಕ್ರಿಯಾಪದವಾಗಿ ಸೊಗಸು, ನಾಮಪದ ಮಾಡಲು ಹೋದರೆ ಸೊರಗುತ್ತದೆ. 'ಹಬ್ಬಿಸಿಕೆ' ಅನ್ನಬಹುದೇ? 'ಹಬ್ಬುಗೆ'? ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ಎರಡನೆಯ ಪ್ರಶ್ನೆ 'ಕಾರ್ಯಾಚರಣೆ' ಬಗ್ಗೆ. ರಷ್ಯಾ ಸರ್ಕಾರ ಈ ಯುದ್ಧವನ್ನು 'ವಿಶೇಷ ಸೇನಾ ಕಾರ್ಯಾಚರಣೆ' ಎಂದು ಕರೆಯಿತು. ರಷ್ಯನ್ನಿನ ಆ ಮೂರು ಪದಗಳ ಮೊದಲಕ್ಷರ ಸೇರಿಸಿ ಜನ 'ಎಸ್-ವೆ-ಓ' ಅನ್ನುತ್ತಾರೆ. 2022ರ ಫೆಬ್ರವರಿ 26ರಂದು ಅಲ್ಲಿಯ ಮಾಧ್ಯಮ ನಿಯಂತ್ರಣ ಸಂಸ್ಥೆ ರಾಸ್ಕೊಮ್‌ನದ್ಜೋರ್, ಈ ಬಗ್ಗೆ ದಾಳಿ, ಆಕ್ರಮಣ, ಯುದ್ಧಸಾರಿಕೆ ಎಂಬ ಪದಗಳನ್ನು ಬಳಸಬಾರದು ಎಂದು ಪತ್ರಿಕೆಗಳಿಗೆ ತಾಕೀತು ಮಾಡಿತು. ಮಾರ್ಚ್ 4ಕ್ಕೆ ಕಾನೂನೇ ಬಂತು. ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹರಡಿದರೆ 15 ವರ್ಷದವರೆಗೆ ಜೈಲು. ಆ ಜುಲೈನಲ್ಲಿ ಮಾಸ್ಕೋದ ವಾರ್ಡ್ ಮಟ್ಟದ ಸದಸ್ಯ ಅಲೆಕ್ಸೇಯ್ ಗೊರಿನೊವ್ ಅವರಿಗೆ 7 ವರ್ಷದ ಶಿಕ್ಷೆ ಆಯಿತು. ಮಕ್ಕಳ ಚಿತ್ರ ಬಿಡಿಸುವ ಸ್ಪರ್ಧೆ ಇಡಬೇಕೇ ಎಂದು ಸಭೆಯಲ್ಲಿ ಚರ್ಚೆ ನಡೆದಾಗ, ಯುದ್ಧ ನಡೆಯುತ್ತಿದೆ, ಅಲ್ಲಿ ಮಕ್ಕಳು ಸಾಯುತ್ತಿದ್ದಾರೆ, ಈಗ ಇದು ಬೇಕೇ ಎಂದು ಅವರು ಕೇಳಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಪುಟಿನ್ ತಾವೇ 'ಯುದ್ಧ' ಎಂಬ ಪದ ಆಡಿದರು. 2024ರ ಮಾರ್ಚಿನಲ್ಲಿ ಅವರ ವಕ್ತಾರ ಪೆಸ್ಕೊವ್, ಶುರುವಾಗಿದ್ದು ಕಾರ್ಯಾಚರಣೆಯಾಗಿ, ಪಶ್ಚಿಮದವರು ಕೈಹಾಕಿದ ಮೇಲೆ ನಮಗೆ ಇದು ಯುದ್ಧ ಎಂದರು. ಗೊರಿನೊವ್ ಆಗಲೂ ಜೈಲಿನಲ್ಲೇ ಇದ್ದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೀಗಿರುವಾಗ ಅಲ್ಲಿ ನೆಲೆಸಿದವರು ಮಾತಿನಲ್ಲಿ 'ಯುದ್ಧ' ಅಂದರೆ ಅದೊಂದು ನಿಲುವು. 'ಎಸ್-ವೆ-ಓ' ಅಂದರೆ ಒಂದೋ ಇನ್ನೊಂದು ನಿಲುವು, ಇಲ್ಲವೇ ಅಕ್ಕಪಕ್ಕದವರ ಕಿವಿಯ ಭಯ. 'ಈಗಿನ ಪರಿಸ್ಥಿತಿ' ಅನ್ನುವವರೂ ಬಹಳ ಜನ. ಕನ್ನಡದಲ್ಲಿ ಎಲ್ಲವನ್ನೂ 'ಯುದ್ಧ' ಎಂದು ಬರೆದರೆ ನಾನು ಅವರ ಬಾಯಿಗೆ ಪದ ತುರುಕಿದ ಹಾಗಾಗುತ್ತದೆ. 'ಕಾರ್ಯಾಚರಣೆ' ಎಂದರೆ ಕನ್ನಡದ ಓದುಗರಿಗೆ ಬಾವಿಗೆ ಬಿದ್ದ ಮಗುವನ್ನು ಎತ್ತುವ ರಕ್ಷಣಾ ಕಾರ್ಯಾಚರಣೆಯೂ ನೆನಪಾಗುತ್ತದೆ. ಅದನ್ನೇ ಅಲ್ಲವೇ ಅಲ್ಲಿಯ ಅಧಿಕಾರಿಗಳು ಬಯಸಿದ್ದು! ಹಾಗಾಗಿ ಯಾರು ಏನು ಆಡಿದರೋ ಅದನ್ನೇ ಇಡುತ್ತಿದ್ದೇನೆ, 'ಎಸ್-ವೆ-ಓ' ಅಂದವರಿಗೆ 'ಎಸ್-ವೆ-ಓ'. ನಾನು ಬರೆಯುವ ಪೀಠಿಕೆಯಲ್ಲಿ ಮಾತ್ರ 'ಯುದ್ಧ'. ಖಾರ್ಕಿವ್‌ನಲ್ಲಿ ದಿನಸಿಗೆಂದು ಸಾಲಿನಲ್ಲಿ ನಿಂತಿದ್ದ ಕರ್ನಾಟಕದ ಹುಡುಗ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದ ಮೇಲೆ, ಕನ್ನಡದಲ್ಲಿ ಬರೆಯುವ ನಾನು ಅದಕ್ಕೆ ಬೇರೆ ಹೆಸರು ಇಡಲಾರೆ.

ಇಂಥದ್ದೇ ಇನ್ನೊಂದು ಪದ 'ಪೆರೆಗ್ರುಪಿರೊವ್ಕಾ'. 2022ರ ಸೆಪ್ಟೆಂಬರಿನಲ್ಲಿ ಉಕ್ರೇನಿನ ಇಜ್ಯುಮ್, ಬಲಾಕ್ಲಿಯಾ ಕಡೆಯಿಂದ ರಷ್ಯಾದ ಸೇನೆ ಹೊರಬಂದಾಗ ಅಲ್ಲಿಯ ರಕ್ಷಣಾ ಇಲಾಖೆ ಬಳಸಿದ್ದು ಇದನ್ನೇ. 'ಮರುಜೋಡಣೆ' ಎಂದು ಬರೆದಿದ್ದೇನೆ. ಫ್ರಾನ್ಸಿನ ಅಡುಗೆಯವರು ಅದನ್ನು ಹೇಳುವ ಧಾಟಿಗೆ 'ಕಾಲ್ಕಿತ್ತರು' ಅನ್ನಬೇಕು.

ಇನ್ನು 'ಖ್ಲಪೋಕ್'. ಇದು ನನಗೆ ತುಂಬ ಇಷ್ಟವಾದ ತೊಡಕು. ಸ್ಫೋಟಕ್ಕೆ ರಷ್ಯನ್ನಿನಲ್ಲಿ 'ವ್ಜ್ರೀವ್' ಎಂಬ ಪದ ಇದೆ. ಅದು ಕೇಳಿದರೆ ಜನ ಹೆದರುತ್ತಾರೆಂದು ಅಧಿಕಾರಿಗಳು 'ಖ್ಲಪೋಕ್' ಎಂಬ ಪದ ಹಿಡಿದರು. ಯುದ್ಧಕ್ಕೆ ಮೊದಲೇ ಮನೆಗಳಲ್ಲಿ ಗ್ಯಾಸ್ ಸಿಡಿದರೆ ಹೀಗೆ ಬರೆಯುತ್ತಿದ್ದರು. ಅದರ ಅರ್ಥ ಚಪ್ಪಾಳೆಯಂಥ ಸದ್ದು, 'ಢಬ್' ಅಂದ ಹಾಗೆ. ಎಣ್ಣೆ ಡಿಪೋ ಹೊತ್ತಿ ಉರಿಯುತ್ತಿದ್ದರೂ ಸುದ್ದಿಯಲ್ಲಿ ಒಂದು 'ಢಬ್' ಮಾತ್ರ. ಆದರೆ ಒತ್ತು ಮೊದಲ ಅಕ್ಷರಕ್ಕೆ ಬಿದ್ದರೆ ಅದೇ ಬರಹ 'ಖ್ಲೋಪಕ್' ಆಗುತ್ತದೆ. ಅಂದರೆ ಹತ್ತಿ! ಉಕ್ರೇನಿನವರು ಇದನ್ನು ಹಿಡಿದುಕೊಂಡರು. ತಮ್ಮ ಭಾಷೆಯಲ್ಲಿ ಹತ್ತಿಗಿರುವ 'ಬವೋವ್ನಾ' ಎಂಬ ಪದವನ್ನೇ ಸ್ಫೋಟಕ್ಕೆ ಬಳಸತೊಡಗಿದರು. ಎಲ್ಲಾದರೂ ಸಿಡಿದರೆ "ಅಲ್ಲಿ ಹತ್ತಿ" ಅನ್ನುವುದು ಶುರುವಾಯಿತು.

ಇಂಥ ಪದದಾಟ ಇನ್ನೊಂದು ಭಾಷೆಗೆ ಬರುವುದು ಅಪರೂಪ. ಕನ್ನಡಕ್ಕೆ ಮಾತ್ರ ಬರುತ್ತದೆ ಅಂತ ನನಗೆ ಖುಷಿ. ನಮ್ಮಲ್ಲಿ 'ಹತ್ತಿ' ಅಂದರೆ ಅರಳೆಯೂ ಹೌದು, ಬೆಂಕಿ 'ಹತ್ತಿ' ಉರಿಯುವುದೂ ಹೌದು. "ಡಿಪೋದಲ್ಲಿ ಹತ್ತಿ ಅಂತೆ" ಎಂದು ಬರೆದರೆ ಓದುವವನು ಒಂದು ಕ್ಷಣ ನಿಂತು, ಎರಡನ್ನೂ ಕೇಳಿಸಿಕೊಳ್ಳುತ್ತಾನೆ. ಅಡಿಟಿಪ್ಪಣಿ ಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ. ಬೇಡ ಅನ್ನುವುದು ನನ್ನ ಅಭಿಪ್ರಾಯ.

ಚಪ್ಪಾಳೆ ಇನ್ನೊಂದು ಕಡೆಯೂ ಬಂತು. ರಷ್ಯಾದಲ್ಲಿ ವಾದ ಮಾಡುವಾಗ ಪದೇ ಪದೇ ಬರುವ ಒಂದು ಮಾತಿದೆ, "ನೆ ವ್ಸ್ಯೋ ತಾಕ್ ಅದ್ನಜ್ನಾಚ್ನ". ಎಲ್ಲವೂ ಅಷ್ಟು ನೇರವಾಗಿಲ್ಲ, ಇದಕ್ಕೆ ಇನ್ನೊಂದು ಮುಖ ಇದೆ ಎಂಬ ಅರ್ಥ. ಯುದ್ಧ ಶುರುವಾದ ಮೇಲೆ ಇದನ್ನು ಎಷ್ಟು ಜನ ಆಡಿದರೆಂದರೆ, ಈಗ ಇದು ಜಾರಿಕೊಳ್ಳುವವರ ಗುರುತಿನ ಮಾತಾಗಿದೆ. ಕನ್ನಡದಲ್ಲಿ ಆ ಜಾಗದಲ್ಲಿ ನಾವು ಆಡುವುದು "ಎರಡು ಕೈ ಸೇರಿದರೇ ಚಪ್ಪಾಳೆ" ಅಂತ. ವೈದ್ಯೆಯ ಮಾತಿನಲ್ಲಿ ಅದು ತಾನಾಗಿ ಬಂತು. ಉಳಿದವರ ಮಾತಿಗೂ ಅದನ್ನೇ ಹಾಕಲೇ? ನನಗೆ ಅನುಮಾನ. ಆ ಗಾದೆ ತಪ್ಪನ್ನು ಇಬ್ಬರಿಗೂ ಹಂಚುತ್ತದೆ. ರಷ್ಯನ್ ಮಾತು ತಪ್ಪು ಯಾರದ್ದು ಎಂಬ ಪ್ರಶ್ನೆಯನ್ನೇ ಬದಿಗಿಡುತ್ತದೆ.

ದಿನನಿತ್ಯದ ಮಾತುಗಳು ಅಷ್ಟು ಕಷ್ಟ ಕೊಡಲಿಲ್ಲ. 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಿಂತು, ಹೊರದೇಶದ ಬ್ಯಾಂಕಿನ ಕಾರ್ಡುಗಳು ಅಲ್ಲಿ ಬರೀ ಪ್ಲಾಸ್ಟಿಕ್ ಆದವು. ಆ ತಿಂಗಳು ಅಂಗಡಿಗಳಲ್ಲಿ ಸಕ್ಕರೆಗೆ ನೂಕುನುಗ್ಗಲು. 1990ರಲ್ಲಿ ಪುಷ್ಕಿನ್ ಚೌಕದಲ್ಲಿ ತೆರೆದ ಮೆಕ್‌ಡೊನಾಲ್ಡ್ಸ್ ಮುಚ್ಚಿ, ಜೂನ್ 12ರಂದು 'ವ್ಕೂಸ್ನ ಇ ತೋಚ್ಕಾ' ಎಂಬ ಹೆಸರಿನಲ್ಲಿ ತೆರೆಯಿತು. 'ರುಚಿ, ಅಷ್ಟೇ' ಎಂದು ತಂದಿದ್ದೇನೆ. 'ತೋಚ್ಕಾ' ಅಂದರೆ ಪೂರ್ಣವಿರಾಮ, 'ಅಷ್ಟೇ'ಯಲ್ಲಿ ಅದರ ಖಡಕ್ಕುತನ ಸಿಕ್ಕಿದೆ ಅನಿಸುತ್ತದೆ. ಇದನ್ನೆಲ್ಲ ಹೇಳಿ ಕೆಲವರು "ನೋಡಿ, ಅಂಗಡಿ ತುಂಬಿದೆ, ಮೆಟ್ರೋ ಓಡುತ್ತಿದೆ, ಏನೂ ಆಗಿಲ್ಲ" ಅನ್ನುತ್ತಾರೆ. ಇನ್ನು ಕೆಲವರಿಗೆ ಆ 'ಏನೂ ಆಗಿಲ್ಲ' ಎಂಬುದೇ ಸಹಿಸಲಾಗದ ಸಂಗತಿ. ಇದಕ್ಕೆ ಅಲ್ಲಿಯವರು 'ಟೀವಿಗೂ ಫ್ರಿಜ್ಜಿಗೂ ಜಗಳ' ಎಂದು ಮೊದಲಿನಿಂದಲೂ ಹೇಳುತ್ತಾರೆ. ಫ್ರಿಜ್ ಖಾಲಿಯಾದಾಗ ಟೀವಿ ಸೋಲುತ್ತದೆ ಎಂಬ ಲೆಕ್ಕ. ಇದನ್ನು ಹಾಗೆಯೇ ಇಟ್ಟಿದ್ದೇನೆ. 'ಹೊಟ್ಟೆ' ಎಂದು ಬದಲಿಸಲು ಒಬ್ಬರು ಸಲಹೆ ಕೊಟ್ಟರು, ಒಪ್ಪಲಿಲ್ಲ.

ಕೊನೆಯದಾಗಿ, ಈ ಜನರನ್ನು ಏನೆಂದು ಕರೆಯೋಣ? 'ಅನಿವಾಸಿ' ಅಂದರೆ ಬಿಟ್ಟ ಊರಿನ ಲೆಕ್ಕ. 'ವಲಸಿಗ' ಅಂದರೆ ಇನ್ನೂ ನಡೆಯುತ್ತಿರುವವನು. 'ಪರದೇಶಿ' ಅಂದರೆ ಕನ್ನಡದಲ್ಲಿ ಗತಿಯಿಲ್ಲದವನು. ಮಾಸ್ಕೋದಲ್ಲಿ ಯುರೋಪಿನಿಂದ ಬಂದವರಿಗೆ 'ಎಕ್ಸ್‌ಪಾತ್', ಉಜ್ಬೇಕಿಸ್ತಾನದಿಂದ ಕೂಲಿಗೆ ಬಂದವರಿಗೆ 'ಮಿಗ್ರಾಂತ್'. ಆ ಭೇದವನ್ನು ಕನ್ನಡಕ್ಕೆ ತರುವ ಮನಸ್ಸಿಲ್ಲ. 'ನೆಲೆಸಿಗರು' ಎಂದು ಬರೆದಿದ್ದೇನೆ. ಒರಟಾಗಿದೆಯೇ?

'ಹಬ್ಬಿಸಿಕೆ'ಯನ್ನಾಗಲೀ 'ಹಬ್ಬುಗೆ'ಯನ್ನಾಗಲೀ ಯಾರಾದರೂ ಬಳಸಿದ್ದನ್ನು ಕಂಡಿದ್ದರೆ, ಆ ವಾಕ್ಯವನ್ನೂ ಸೇರಿಸಿ ಬರೆಯಿರಿ. ಹಳೆಯ ಪತ್ರಿಕೆಗಳಲ್ಲಿ, ಎರಡನೇ ಮಹಾಯುದ್ಧದ ಕಾಲದ ಸುದ್ದಿಗಳಲ್ಲಿ, ಇದಕ್ಕೆ ಬೇರೆ ಯಾವ ಪದ ಇತ್ತು ಎಂದು ಬಲ್ಲವರು ತಿಳಿಸಿದರೆ ಇನ್ನೂ ಒಳ್ಳೆಯದು. ಧಾರವಾಡದ ಕಡೆಯವರು, ಕರಾವಳಿಯವರು ಆಡುಮಾತಿನಲ್ಲಿ ಏನನ್ನುತ್ತಾರೆ ಎಂಬುದೂ ಬೇಕು.