ಎತ್ತಿನ ದವಡೆ ಮೇಲೆ ಕಲ್ಲಿನಂಥ ಗಂಟು, ಬರೆ ಹಾಕಿಸಲಾ?

ಬ್ಯಾಡಗಿ ರೈತ:
ನಮ್ಮ ಕಿಲಾರಿ ಎತ್ತಿನ ಬಲ ದವಡೆ ಮೇಲೆ ಗಂಟು ಎದ್ದಿದೆ, ಬೆಳೀತಾನೇ ಇದೆ. ಒತ್ತಿದರೆ ಅಲುಗಾಡಲ್ಲ, ಎತ್ತು ತಲೆ ಕೊಡವೋದೂ ಇಲ್ಲ. ಹಸಿ ಹುಲ್ಲು ತಿನ್ನುತ್ತದೆ, ಆದರೆ ಜೋಳದ ಕಣಕಿ ಹಾಕಿದರೆ ಅರ್ಧ ಅಗಿದು ಉಂಡೆ ಮಾಡಿ ಗೋದಲಿಯಲ್ಲೇ ಉಗುಳುತ್ತದೆ. ಊರ ಹಿರಿಯರು ಬರೆ ಹಾಕಿಸು ಅಂತಿದ್ದಾರೆ. ಮುಂಗಾರಿಗೆ ಹೂಡಬಹುದಾ?

ದನದ ಡಾಕ್ಟರ್, ಗದಗ:
ಅಣ್ಣಾರೇ, ಬರೆ ಬೇಡ್ರಿ. ಬರೆ ಸುಡೋದು ಚರ್ಮವನ್ನ, ಗಂಟು ಇರೋದು ಎಲುಬಿನಲ್ಲಿ. ಇದು ಆಕ್ಟಿನೊಮೈಕೋಸಿಸ್, ಅಂದ್ರೆ ದವಡೆ ಎಲುಬಿಗೆ ಬ್ಯಾಕ್ಟೀರಿಯಾ ಹತ್ತೋ ರೋಗ, ಅನ್ನೋ ಗುಮಾನಿ ನನಗೆ ಜಾಸ್ತಿ. ಚರ್ಮಗಂಟು ರೋಗ ಬೇರೆ, ಅದು ವೈರಸ್ಸಿಂದ ಬರೋದು. ಇದರ ಬ್ಯಾಕ್ಟೀರಿಯಾ ದನದ ಬಾಯಲ್ಲಿ ಸುಮ್ನೆ ಇರುತ್ತದೆ, ಕಣಕಿ ಸಿಬಿರೋ ಜಾಲಿ ಮುಳ್ಳೋ ಚುಚ್ಚಿ ಗಾಯವಾದರೆ ಎಲುಬಿಗೆ ಇಳಿಯುತ್ತದೆ, ಎಲುಬು ಒಳಗೆ ತೂತುತೂತಾಗಿ ಹೊರಗೆ ಊದುತ್ತದೆ.

ಹುಲ್ಲು ತಿಂದು ಕಣಕಿ ಉಗುಳುತ್ತೆ ಅಂದ್ರಲ್ಲ, ಅದೇ ಸುಳಿವು. ದನಕ್ಕೆ ಮೇಲೆ ಮುಂದಿನ ಹಲ್ಲೇ ಇಲ್ಲ, ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದುಕೊಳ್ಳುತ್ತದೆ, ನಾಲಿಗೆಗೇನೂ ಆಗಿಲ್ಲ. ಅರೆಯೋದು ದವಡೆ ಹಲ್ಲಿನ ಕೆಲಸ. ನಾವು ದವಡೆಯನ್ನು ಹೆಚ್ಚಾಗಿ ಮೇಲೆ ಕೆಳಗೆ ಆಡಿಸುತ್ತೇವೆ, ಎತ್ತು ಅಡ್ಡಡ್ಡ ಆಡಿಸುತ್ತದೆ. ಅದರ ಕೆಳದವಡೆ ಮೇಲಿನದಕ್ಕಿಂತ ಕಿರಿದು, ಹಾಗಾಗಿ ಒಂದು ಸಲಕ್ಕೆ ಒಂದೇ ಬದಿ ಅರೆಯುತ್ತದೆ. ಹಲ್ಲಿನ ಬೇರು ಕೂತ ಎಲುಬೇ ಕೆಟ್ಟರೆ ಹಲ್ಲು ಸಡಿಲಾಗುತ್ತದೆ, ಒಣಮೇವು ನುರಿಯಲ್ಲ.

1962ಕ್ಕೆ ಫೋನ್ ಮಾಡಿ ಪಶು ಆಂಬುಲೆನ್ಸ್ ಕರೆಸಿ. ರಕ್ತನಾಳಕ್ಕೆ ಸೋಡಿಯಂ ಅಯೋಡೈಡ್, ಜೊತೆಗೆ ಆಂಟಿಬಯೋಟಿಕ್ ಕೊಡುತ್ತಾರೆ. ಬೇಗ ಶುರುಮಾಡಿದರೆ ಬೆಳೆಯೋದು ನಿಲ್ಲಬಹುದು, ಊದಿದ ಎಲುಬು ಪೂರ್ತಿ ಇಳಿಯೋದು ಕಷ್ಟ. ಔಷಧಿ ನಡೆಯುವಾಗ ಕಣ್ಣಲ್ಲಿ ನೀರು ಸುರಿದರೆ, ಮೈಯಿಂದ ಹೊಟ್ಟು ಉದುರಿದರೆ ಅಯೋಡೈಡ್ ಜಾಸ್ತಿಯಾಗಿದೆ ಅಂತ, ತಕ್ಷಣ ಡಾಕ್ಟರಿಗೆ ಹೇಳಿ.

ಕುಂದಗೋಳ ಕುರಿ:
ಸರ್, ನಮ್ಮ ಕುರಿಗೂ ದವಡೆ ಕೆಳಗೆ ಊತ ಇದೆ, ಆದರೆ ಮೆತ್ತಗಿದೆ. ಇದೇ ರೋಗವಾ?

ದನದ ಡಾಕ್ಟರ್, ಗದಗ:
ಅಲ್ಲ ಅನಿಸುತ್ತೆ. ಬೆರಳು ಒತ್ತಿದರೆ ಗುಳಿ ಬೀಳುತ್ತಾ ನೋಡಿ. ಬಿದ್ದರೆ ಅದು ನೀರು, ಹೆಚ್ಚಾಗಿ ಜಂತುಹುಳದಿಂದ ರಕ್ತ ಕಡಿಮೆಯಾಗಿ ತುಂಬೋದು. ಕಣ್ಣಿನ ರೆಪ್ಪೆ ಒಳಗೆ ಬಿಳುಚಿದ್ದರೆ ಇನ್ನೂ ಖಾತ್ರಿ. ಹಿಕ್ಕೆ ಪರೀಕ್ಷೆ ಮಾಡಿಸಿ.

ಬ್ಯಾಡಗಿ ರೈತ:
ಬರೆ ಬಿಟ್ಟೆ ರೀ. ಉಳಿದ ದನಕ್ಕೆ ಹತ್ತುತ್ತಾ?

ದನದ ಡಾಕ್ಟರ್, ಗದಗ:
ಸುಲಭಕ್ಕೆ ಹತ್ತಲ್ಲ. ಆದರೆ ಗಂಟು ಒಡೆದು ಕೀವು ಬಂದರೆ, ಅದರಲ್ಲಿ ಹಳದಿ ಹರಳು ಕಾಣಬಹುದು, ಆಗ ಗೋದಲಿ ಬೇರೆ ಮಾಡಿ. ಈಗ ಕಣಕಿ ಸಣ್ಣಗೆ ಕತ್ತರಿಸಿ ನೆನೆಸಿ ಹಾಕಿ. ಹೂಡೋದು ಡಾಕ್ಟರ್ ನೋಡಿದ ಮೇಲೆ.