ಪದಚರ್ಚೆ: ಹೊಳೆ ಕಡಲಿಗೆ ಸೇರುವ ಜಾಗಕ್ಕೆ ನಿಮ್ಮೂರಲ್ಲಿ ಏನಂತಾರೆ? (ಅಳಿವೆ, ನದೀಮುಖ, ಕೋಡಿ)

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಹಿಂದೆ ಬಿದ್ದು ಮೂರು ವಾರ ಆಯಿತು. ನಾನು ಸಕಲೇಶಪುರದ ಕಡೆಯವನು. ಬೆಟ್ಟದವನಿಗೆ ಕಡಲಿನ ಪದದ ಉಸಾಬರಿ ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ನಮ್ಮ ಕಡೆಯ ಶಾಲೆಯ ಮಕ್ಕಳನ್ನು ಎರಡು ದಿನ ಹೊಳೆಯ ಜೊತೆಗೇ ಕರೆದುಕೊಂಡು ಹೋಗುವ ಪ್ರವಾಸ ಇದೆ. ಶಿರಾಡಿ ಘಾಟಿಯ ಕೆಂಪುಹೊಳೆಯಿಂದ ಶುರು. ಗುಂಡ್ಯ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಗೆ ಸೇರುವುದನ್ನು ನೋಡಿ, ಕೊನೆಗೆ ಮಂಗಳೂರಿನಲ್ಲಿ ಕಡಲು. ಅದಕ್ಕೊಂದು ಸಣ್ಣ ಕೈಪಿಡಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಇಂಗ್ಲಿಷಿನವರು ‘ಎಸ್ಚುವರಿ’ ಅನ್ನುವ ಕಡೆ ನಾನು ಪಠ್ಯಪುಸ್ತಕದ ಹಾಗೆ ‘ನದೀಮುಖ’ ಅಂತ ಬರೆದೆ. ಎರಡನೇ ಯೋಚನೆಯೇ ಮಾಡಲಿಲ್ಲ.

ಕರಡನ್ನು ತರಗತಿಯಲ್ಲಿ ಓದಿದೆ. ಆರನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. ‘ಸರ್, ನದೀಮುಖ ಅಂದ್ರೆ ನದಿ ಹುಟ್ಟೋ ಜಾಗ ಅಲ್ವಾ?’ ಅಲ್ಲಮ್ಮ, ಮುಗಿಯುವ ಜಾಗ ಅಂದೆ. ಅವಳು ಬಿಡಲಿಲ್ಲ. ‘ತಲಕಾವೇರೀಲಿ ತಲೆ ಇದೆ ಸರ್. ತಲೆ ಅಲ್ಲಿದ್ರೆ ಮುಖ ಮಾತ್ರ ಸಮುದ್ರದ ಹತ್ರ ಹೇಗೆ ಹೋಯ್ತು?’

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಉತ್ತರ ಮಾತ್ರ ಇರಲಿಲ್ಲ.

ಯೋಚಿಸಿದರೆ ಅವಳದ್ದೇ ಸರಿ. ನಾವು ಮಲೆನಾಡಿನವರು ಹೊಳೆಯನ್ನು ಹುಟ್ಟಿದ ಕಡೆಯಿಂದ ನೋಡುವವರು. ತಲಕಾವೇರಿ ಆಯಿತು. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲ ಇದೆ, ತುಂಗೆ, ಭದ್ರೆ, ನೇತ್ರಾವತಿ ಮೂರಕ್ಕೂ ಅದೇ ತೌರು ಅನ್ನುತ್ತಾರೆ. ಮೂಲ, ಒರತೆ, ಊಟೆ, ಕೊಲ್ಲಿ, ಹಳ್ಳ, ಹುಟ್ಟಿಗೆ ಬೇಕಾದಷ್ಟು ಪದ ಇದೆ. (ಕೊಲ್ಲಿಯ ಕತೆ ನೋಡಿ. ನಮಗೆ ಅದು ಬೆಟ್ಟದ ಸಂದಿಯಲ್ಲಿ ನೀರು ಇಳಿಯುವ ಜಾಗ. ಪುಸ್ತಕದಲ್ಲಿ ಅದು ‘ಬಂಗಾಳ ಕೊಲ್ಲಿ’ಯಾಗಿ ಕಡಲಾಗಿಬಿಟ್ಟಿದೆ.) ಹೊಳೆಯ ಕೊನೆಗೆ ಮಾತ್ರ ನಮ್ಮಲ್ಲಿ ಮನೆಮಾತಿನ ಪದ ಇಲ್ಲ. ಹೇಮಾವತಿ ಪೂರ್ವಕ್ಕೆ ಹೋಗಿ ಕಾವೇರಿಗೆ ಸೇರುತ್ತಾಳೆ, ಕೆಂಪುಹೊಳೆ ಪಶ್ಚಿಮಕ್ಕೆ ಇಳಿದು ಕಣ್ಮರೆಯಾಗುತ್ತದೆ. ಬಿಸಿಲೆ ಘಾಟಿ ಕಡೆ ಮಂಕನಹಳ್ಳಿಯಲ್ಲಿ ಒಂದು ಕಲ್ಲು ಇದೆ, ಈ ಪಕ್ಕ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆ ಪಕ್ಕದ್ದು ಬಂಗಾಳ ಕೊಲ್ಲಿಗೆ ಅಂತ ತೋರಿಸುವ ಕಲ್ಲು. ಕಡಲಿನ ಬಗ್ಗೆ ನಮ್ಮ ತಿಳಿವಳಿಕೆ ಆ ಕಲ್ಲಿನ ಹತ್ತಿರವೇ ನಿಂತುಬಿಡುತ್ತದೆ.

ಹಾಗಾಗಿ ಪ್ರವಾಸಕ್ಕೆ ಮೊದಲು ನಾನೊಬ್ಬನೇ ಒಂದು ಸಲ ಮಂಗಳೂರಿಗೆ ಹೋಗಿ ಬಂದೆ. ಹಳೆ ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆ. ಎಡಕ್ಕೆ ದೂರದಲ್ಲಿ ನೀರಿನ ಬಣ್ಣ ಬೇರೆಯಾಗಿತ್ತು. ಒಂದು ಗೆರೆ ಎಳೆದ ಹಾಗೆ ಬಿಳಿ ನೊರೆ. ಅದೇನು ಅಂತ ಕೇಳಿದೆ. ದೋಣಿಯವರು ತಿರುಗಿಯೂ ನೋಡದೆ ಹೇಳಿದರು: ‘ಅದು ಅಳಿವೆ ಬಾಗಿಲು ಮಾರಾಯ್ರೆ. ಮಳೆಗಾಲದಲ್ಲಿ ಅಲ್ಲಿ ಹೋಗ್ಲಿಕ್ಕೆ ಆಗುದಿಲ್ಲ.’

ಅಳಿವೆ. ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ, ‘ಅಳಿವೆಯಲ್ಲಿ ಹೂಳು’, ‘ಅಳಿವೆಯಲ್ಲಿ ದೋಣಿ ಮಗುಚಿ’ ಅಂತ. ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅದಕ್ಕೆ ‘ಬಾಗಿಲು’ ಸೇರಿಕೊಂಡಿದ್ದು ಇನ್ನೂ ಇಷ್ಟವಾಯಿತು. ಮುಖ ಅಂದರೆ ಒಂದೇ ಕಡೆ ನೋಡುತ್ತದೆ. ಬಾಗಿಲಿನಲ್ಲಿ ಹೋಗುವುದೂ ಉಂಟು, ಬರುವುದೂ ಉಂಟು. ಅಲ್ಲಿ ಆಗುವುದೂ ಅದೇ. ನೇತ್ರಾವತಿ ಮತ್ತು ಗುರುಪುರ ಹೊಳೆ ಎರಡೂ ಆ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತವೆ. ದಿನಕ್ಕೆರಡು ಸಲ ಕಡಲು ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ಉಪ್ಪುನೀರು ಭಾರ, ಅದು ತಳ ಹಿಡಿದು ನುಗ್ಗುತ್ತದೆ. ಸಿಹಿನೀರು ಮೇಲೆ ತೇಲಿಕೊಂಡು ಹೊರಗೆ ಹರಿಯುತ್ತದೆ. ಮಂಗಳೂರಿಗೆ ಕುಡಿಯುವ ನೀರು ಬೇಕು ಅಂದರೆ ಮೇಲೆ ತುಂಬೆಯವರೆಗೆ ಹೋಗಿ ಕಿಂಡಿ ಅಣೆಕಟ್ಟು ಕಟ್ಟಬೇಕಾಯಿತು. ‘ಕಿಂಡಿ ಅಣೆಕಟ್ಟು’ ಎಷ್ಟು ಚೆಂದದ ಪದ ಅಲ್ವಾ, ಓದಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ.

ಬಾಗಿಲು ಅಂದಮೇಲೆ ಕಾವಲು ಬೇಕಲ್ಲ. ಗುರುಪುರ ಹೊಳೆಯ ದಡದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗು ಹೊಳೆಯೊಳಗೆ ಬಾರದಿರಲಿ ಅಂತ. ಇಂಗ್ಲಿಷಿನ ‘ಬ್ಯಾಟರಿ’, ಅಂದರೆ ಫಿರಂಗಿ ಇಟ್ಟ ಜಾಗ, ನಮ್ಮವರ ಬಾಯಲ್ಲಿ ‘ಬತ್ತೇರಿ’ ಆಗಿದೆ. ಎಂಟು ವರ್ಷ ಬಿಟ್ಟು, 1792ರಲ್ಲಿ, ಅದೇ ಟಿಪ್ಪು ನಮ್ಮ ಸಕಲೇಶಪುರದ ನೆತ್ತಿಯ ಮೇಲೆ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಕರಾವಳಿಯಿಂದ ಹತ್ತಿ ಬರುವ ದಾರಿಗೆ ಕಾವಲು. ನಮ್ಮ ಮಕ್ಕಳು ಮಂಜರಾಬಾದಿಗೆ ಪ್ರತಿ ವರ್ಷ ಹೋಗುತ್ತಾರೆ. ಅದರ ಜೋಡಿ ಅಳಿವೆಯ ಹತ್ತಿರ ಇದೆ ಅಂತ ಯಾರೂ ಅವರಿಗೆ ಹೇಳಿಲ್ಲ. ಕೈಪಿಡಿಯಲ್ಲಿ ಇದಕ್ಕೆ ಒಂದು ಪುಟ ಕೊಟ್ಟಿದ್ದೇನೆ.

ಸರಿ, ಊರಿಗೆ ಬಂದು ‘ನದೀಮುಖ’ ಹೊಡೆದುಹಾಕಿ ಎಲ್ಲ ಕಡೆ ‘ಅಳಿವೆ’ ಅಂತ ತಿದ್ದಿದೆ. ಅಲ್ಲಿಂದ ಶುರುವಾಯಿತು ತೊಂದರೆ.

ಮೊದಲನೆಯದು ಅಚ್ಚಿನ ಮನೆಯಲ್ಲಿ. ಒಂದು ಅಧ್ಯಾಯಕ್ಕೆ ‘ಅಳಿವೆಯ ಹಕ್ಕಿಗಳು’ ಅಂತ ಹೆಸರಿಟ್ಟಿದ್ದೆ. ಅಕ್ಷರ ಜೋಡಿಸಿದವರು ಪಾಪ ನಾನು ತಪ್ಪು ಬರೆದಿದ್ದೇನೆ ಅಂದುಕೊಂಡು ‘ಅಳಿವಿನಂಚಿನ ಹಕ್ಕಿಗಳು’ ಅಂತ ತಿದ್ದಿ ಕಳಿಸಿದ್ದರು. ಕೆಳಗೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಗರುಡ! ನಮ್ಮ ಗದ್ದೆಯಲ್ಲಿ ಉಳುವಾಗ ಹಿಂಡು ಹಿಂಡಾಗಿ ಇಳಿಯುವ ಬೆಳ್ಳಕ್ಕಿ ಒಂದೇ ರಾತ್ರಿಯಲ್ಲಿ ಅಳಿವಿನಂಚಿಗೆ ಹೋಗಿಬಿಟ್ಟಿತ್ತು.

ಎರಡನೆಯದು ಶಾಲೆಯ ಮೇಷ್ಟ್ರು ಒಬ್ಬರದು. ‘ಅಳಿವೆ ಅಂದರೆ ಅಳಿಯುವುದು, ಸಾಯುವುದು. ಮಕ್ಕಳ ಪುಸ್ತಕಕ್ಕೆ ಅಪಶಕುನದ ಪದ ಯಾಕೆ ಸ್ವಾಮಿ?’ ಅಂದರು. ಇನ್ನೊಬ್ಬ ಹುಡುಗ ಅದನ್ನು ‘ಅಳುವೆ’ ಅಂತ ಓದಿ, ಯಾರು ಅಳೋದು ಅಂತ ಕೇಳಿದ. ಅದು ಬಿಡಿ.

ಮೇಷ್ಟ್ರ ಮಾತಿಗೆ ನನ್ನ ಉತ್ತರ ಇದು. ಸರಿಯೋ ತಪ್ಪೋ ನೀವು ಹೇಳಿ. ಮಲಯಾಳದವರು ಇದೇ ಜಾಗಕ್ಕೆ ‘ಅೞಿ’ ಅನ್ನುತ್ತಾರೆ, ‘ಅೞಿಮುಖಂ’ ಅಂತಲೂ ಉಂಟು. ನಮ್ಮ ಹಳಗನ್ನಡದ ಅಳಿಯುವ ಅಳಿಯೂ ೞಕಾರದ್ದೇ (ೞ ಅಂದರೆ ಕನ್ನಡದಲ್ಲಿ ಈಗ ಬಿಟ್ಟುಹೋದ ಹಳೆಯ ಅಕ್ಷರ). ಹಾಗಾಗಿ ಎರಡೂ ಒಂದೇ ಬೇರಿನವು ಇರಬಹುದು, ಮೇಷ್ಟ್ರು ಪೂರ್ತಿ ತಪ್ಪು ಅನ್ನಲಾರೆ. ಆದರೆ ಮಲಯಾಳದಲ್ಲಿ ‘ಅೞಿಯುಕ’ ಅಂದರೆ ಗಂಟು ಬಿಚ್ಚಿಕೊಳ್ಳುವುದು, ಸಡಿಲವಾಗುವುದು ಅಂತಲೂ ಇದೆ. ನನಗೆ ಆ ಅರ್ಥವೇ ಹಿಡಿಸುತ್ತದೆ. ಘಾಟಿಯಲ್ಲಿ ಬಂಡೆಗಳ ನಡುವೆ ಬಿಗಿಯಾಗಿ ಹರಿದ ಹೊಳೆ ಅಲ್ಲಿ ಸಡಿಲವಾಗಿ ಹರಡಿಕೊಳ್ಳುತ್ತದೆ. ಬೆಂಗ್ರೆಯ ದಡದಲ್ಲಿ ನಿಂತು ನೋಡಿದವರಿಗೆ ಸಾವು ನೆನಪಾಗುವುದಿಲ್ಲ. ನೀರು ಇಳಿದಾಗ ಕೆಸರಿನಲ್ಲಿ ನೂರಾರು ತೂತು. ಒಂದೊಂದರಿಂದ ಉಗುರಿನಷ್ಟು ಏಡಿ ಹೊರಗೆ ಬರುತ್ತದೆ. ಒಂದು ಕೊಂಬು ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಬಸ್ಸಿಗೆ ಕೈ ತೋರಿಸುವವರ ಹಾಗೆ ಹೆಣ್ಣನ್ನು ಕರೆಯುತ್ತದೆ. ಕಾಲು ಅಲುಗಿಸಿದೆನೋ ಇಲ್ಲವೋ, ಅಷ್ಟೂ ಮಾಯ. ನಾವು ಗದ್ದೆ ಏಡಿ ಹಿಡಿದು ಸಾರು ಮಾಡುವವರು. ಆದರೂ ನಾನು ಅರ್ಧ ಗಂಟೆ ಅಲ್ಲೇ ಕೂತಿದ್ದೆ.

ಇನ್ನು ‘ಕೋಡಿ’. ಇದು ನನ್ನ ಎರಡನೇ ಪ್ರಶ್ನೆ, ಮತ್ತು ನಿಜ ಹೇಳಬೇಕೆಂದರೆ ಇದರಲ್ಲೇ ನನಗೆ ಆಸಕ್ತಿ ಜಾಸ್ತಿ.

ಹಾಸನ, ಅರಸೀಕೆರೆ, ಕಡೂರು ಕಡೆ ಕೋಡಿ ಅಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ. ‘ಕೆರೆ ಕೋಡಿ ಬಿತ್ತು’ ಅಂದರೆ ಊರಿಗೇ ಹಬ್ಬ, ಬಾಗಿನ ಕೊಡುತ್ತಾರೆ. ಕರಾವಳಿಗೆ ಹೋದರೆ ಕುಂದಾಪುರದ ಪಕ್ಕ ಕೋಡಿ, ಉಡುಪಿಯ ಕಡೆ ಕೋಡಿ ಬೆಂಗ್ರೆ, ಭಟ್ಕಳದ ಹತ್ತಿರ ಅಳ್ವೆಕೋಡಿ. ಅಳ್ವೆಕೋಡಿಯಲ್ಲಿ ನಮ್ಮ ಎರಡೂ ಪದ ಒಂದೇ ಹೆಸರಿನಲ್ಲಿ ಕೂತಿವೆ ನೋಡಿ! ಅಲ್ಲೆಲ್ಲ ಕೋಡಿ ಅಂದರೆ ನೆಲದ ತುದಿ, ಹೊಳೆ ಕಡಲು ಸೇರುವ ಕಡೆ ಚಾಚಿಕೊಂಡ ಮರಳಿನ ಮೂಲೆ.

ಎರಡೂ ಒಂದೇ ಪದವೇ? ನನ್ನ ಊಹೆ ಹೌದು ಅಂತ. ಕೆರೆಯ ಏರಿಯನ್ನು ನೆನಪು ಮಾಡಿಕೊಳ್ಳಿ. ತೂಬು ಏರಿಯ ನಡುವೆ ಎಲ್ಲೋ ಇರುತ್ತದೆ. ಕೋಡಿ ಸಾಮಾನ್ಯವಾಗಿ ಏರಿಯ ತುದಿಯಲ್ಲಿ. ತುದಿಗೆ ಇದ್ದ ಹೆಸರು ಅಲ್ಲಿ ಹರಿಯುವ ನೀರಿಗೆ ಅಂಟಿಕೊಂಡು, ಆಮೇಲೆ ‘ಕಣ್ಣೀರಿನ ಕೋಡಿ’ಯವರೆಗೂ ಹೋಗಿದೆ. ಕರಾವಳಿಯಲ್ಲಿ ಅದು ತುದಿಯಾಗಿಯೇ ಉಳಿದಿದೆ. ಗೊತ್ತಿದ್ದವರು ತಿದ್ದಿ.

‘ಬೆಂಗ್ರೆ’ಯೂ ಹೀಗೇ. ಒಂದು ಊರಿನ ಹೆಸರು ಅಂದುಕೊಂಡಿದ್ದೆ. ತೋಟ ಬೆಂಗ್ರೆ, ಕಸಬಾ ಬೆಂಗ್ರೆ, ಕೋಡಿ ಬೆಂಗ್ರೆ ಎಲ್ಲವೂ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು ಇರುವ ಮರಳಿನ ಪಟ್ಟಿ. ಹೊಳೆ ನಡುವಿನ ದ್ವೀಪಕ್ಕೆ ‘ಕುದ್ರು’. ಸೂತ್ರದ ಗೊಂಬೆಯಾಟದ ಉಪ್ಪಿನಕುದ್ರು ಗೊತ್ತಲ್ಲ, ಅದೇ ಕುದ್ರು. ನಾವು ‘ನಡುಗಡ್ಡೆ’ ಅನ್ನುತ್ತೇವೆ. ಕೈಪಿಡಿಯಲ್ಲಿ ಕುದ್ರು ಅಂತಲೇ ಬಿಟ್ಟಿದ್ದೇನೆ, ಮಕ್ಕಳಿಗೆ ಹೇಳಲು ಖುಷಿ.

ಉತ್ತರ ಕನ್ನಡದ ಕಡೆಯೂ ಇಂಥ ಪದಗಳಿವೆ. ಅಘನಾಶಿನಿಯ ಅಳಿವೆಗೆ 2024ರ ಜನವರಿ ಕೊನೆಯಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿ (ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿ) ಜಾಗ ಸಿಕ್ಕಿತು, 4801 ಹೆಕ್ಟೇರ್. ಆ ಹೊಳೆಗೆ ಅಡ್ಡವಾಗಿ ದೊಡ್ಡ ಅಣೆಕಟ್ಟು ಇಲ್ಲ, ಶಿರಸಿ ಕಡೆಯ ಕಾಡಿನ ನೀರು ನೇರ ಕಡಲಿಗೆ. ಅದರ ಬಗ್ಗೆ ಓದುತ್ತಾ ಹೋದರೆ ಒಂದು ಬುಟ್ಟಿ ಪದ ಸಿಕ್ಕಿತು. ಉಪ್ಪುನೀರು ಹತ್ತಿ ಇಳಿಯುವ ಗದ್ದೆ ‘ಗಜನಿ’. ಅಲ್ಲಿ ಉಪ್ಪು ತಡೆದುಕೊಂಡು ಬೆಳೆಯುವ ಭತ್ತ ‘ಕಗ್ಗ’. ಕೆಸರಿನಿಂದ ಆರಿಸುವ ಚಿಪ್ಪು ‘ಬಳಚು’, ದಕ್ಷಿಣಕ್ಕೆ ಬಂದರೆ ತುಳುವಿನಲ್ಲಿ ‘ಮರುವಾಯಿ’. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಕ್ಕೆ ‘ಕಾಂಡ್ಲಾ’. ಉಬ್ಬರ ಇಳಿತಕ್ಕೆ ‘ಭರತ ಇಳಿತ’, ಇದು ಕೊಂಕಣಿ, ಮರಾಠಿಯ ‘ಭರತಿ’ಯಿಂದ ಬಂದಿರಬೇಕು.

ಇವನ್ನು ಕೈಪಿಡಿಗೆ ಹಾಕಿದರೆ ಹಾಸನದ ಮಕ್ಕಳಿಗೆ ಭಾರವಾಗುತ್ತದೆ ಅಂತ ಕೆಲವರು ಹೇಳಿದರು. ನಾನು ಒಪ್ಪುವುದಿಲ್ಲ. ‘ಕಾಂಡ್ಲಾ’ ಕಲಿಯುವುದು ‘ಮ್ಯಾಂಗ್ರೋವ್’ ಕಲಿಯುವುದಕ್ಕಿಂತ ಕಷ್ಟವೇ? ಅದರ ಬೀಜ ಮರದಲ್ಲೇ ಮೊಳೆತು, ಉದ್ದದ ಕಡ್ಡಿಯಾಗಿ ನೇತಾಡಿ, ಕೆಸರಿಗೆ ಚುಚ್ಚಿಕೊಂಡು ನಿಲ್ಲುತ್ತದೆ ಅಂತ ತೋರಿಸಿದರೆ ಹೆಸರು ತಾನಾಗಿ ನೆನಪಿರುತ್ತದೆ. ಚಿಪ್ಪಿನ ಸುಣ್ಣ ಬೇರೆ ನಮಗೆ ಹೊಸದಲ್ಲ. ಅಡಿಕೆಗೆ, ಮೆಣಸಿಗೆ ಮೈಲುತುತ್ತ ಹೊಡೆಯುವಾಗ ಡ್ರಮ್ಮಿಗೆ ಸುರಿಯುವ ಸುಣ್ಣದ ಮೂಟೆ ನಮ್ಮ ಮನೆಗೆ ಘಾಟಿ ಹತ್ತಿಯೇ ಬರುತ್ತಿತ್ತು. ಚಿಪ್ಪಿನದ್ದೇ ಬೇಕು ಅಂತ ಅಪ್ಪ ಹಟ ಮಾಡುತ್ತಿದ್ದರು. ಅದು ಯಾವ ಜಾಗದ ಚಿಪ್ಪು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಒಂದು ಪದಕ್ಕೆ ಮಾತ್ರ ಸೋತಿದ್ದೇನೆ. ಸಿಹಿಯೂ ಅಲ್ಲದ, ಉಪ್ಪೂ ಅಲ್ಲದ ಅಳಿವೆಯ ನೀರಿಗೆ ಏನನ್ನುವುದು? ಅರಸೀಕೆರೆ ಕಡೆ ಬೋರ್‌ವೆಲ್ ನೀರು ಉಪ್ಪುಪ್ಪಾಗಿದ್ದರೆ ‘ಸವಳು ನೀರು’. ಅದನ್ನೇ ಹಾಕಿದ್ದೆ. ಆದರೆ ಸವಳು ಅಂದರೆ ಬೈಗುಳದ ಹಾಗೆ, ಕುಡಿಯಲು ಬಾರದ್ದು, ಬೆಳೆಗೆ ಆಗದ್ದು. ಸಿಗಡಿ ಮರಿ ಬೆಳೆಯುವ, ನೀರುನಾಯಿ ಆಡುವ ನೀರಿಗೆ ಆ ಹೆಸರು ಒಪ್ಪುವುದಿಲ್ಲ. ‘ಉಪ್ಪುಸಪ್ಪೆ ನೀರು’ ಅಂತ ನಾನೇ ಒಂದು ಕಟ್ಟಿದೆ. ಮನೆಯಲ್ಲಿ ನಮ್ಮವಳು ಓದಿ, ‘ಇದೇನು, ಸಾರಿಗೆ ಉಪ್ಪು ಹಾಕೋದು ಮರೆತ ಹಾಗಿದೆ’ ಅಂದಳು.

ಆದ್ದರಿಂದ ಕರಾವಳಿಯ ಬಳಗದವರಲ್ಲಿ ಕೇಳುವುದು ಇಷ್ಟು. ನಿಮ್ಮ ಮನೆಮಾತಿನಲ್ಲಿ ಅದು ಅಳಿವೆಯೋ, ಅಳುವೆಯೋ, ಅಳ್ವೆಯೋ? ‘ಅಳಿವೆ ದಾಟಿದ’ ಅನ್ನುವುದನ್ನು ಕೇಳಿದ್ದೇನೆ. ಮರಳು ತುಂಬಿದರೆ ‘ಅಳಿವೆ ಮುಚ್ಚಿತು’ ಅನ್ನುತ್ತೀರಾ, ‘ಕಟ್ಟಿತು’ ಅನ್ನುತ್ತೀರಾ? ಒಂದೆರಡು ವಾಕ್ಯ, ನೀವು ಮಾತಾಡುವ ಹಾಗೆಯೇ ಬರೆದು ಕಳಿಸಿ. ಉಪ್ಪುಸಪ್ಪೆ ನೀರಿಗೆ ನಿಮ್ಮ ಅಜ್ಜಿ ಬಳಸುತ್ತಿದ್ದ ಪದ ಇದ್ದರೆ ಅದನ್ನೂ. ಹಾಸನ, ಚಿಕ್ಕಮಗಳೂರಿನವರು ಯಾರಾದರೂ ‘ಅಳಿವೆ’ಯನ್ನು ಊರಲ್ಲಿ ಕೇಳಿದ್ದರೆ ದಯವಿಟ್ಟು ಹೇಳಿ. ಕಡಲಿಗೆ ಮೆಣಸು, ಕಾಫಿ ಸಾಗಿಸುತ್ತಿದ್ದ ಗಾಡಿಯವರ ಮನೆಗಳಲ್ಲಿ ಉಳಿದಿರಬಹುದು ಅಂತ ಒಂದು ಆಸೆ.

ಅಚ್ಚಿಗೆ ಹೋಗಲು ಇನ್ನು ಹದಿನೈದು ದಿನ ಇದೆ. ಸದ್ಯಕ್ಕೆ ಆ ಅಧ್ಯಾಯದ ಹೆಸರನ್ನು ‘ಅಳಿವೆ ಬಾಗಿಲಿನ ಹಕ್ಕಿಗಳು’ ಅಂತ ಮಾಡಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಇದನ್ನು ತಿದ್ದಬೇಡಿ’ ಅಂತ ಬರೆದು ಕಳಿಸಿದ್ದೇನೆ.