ಸಂಕೋಚದ ಮಗನಿಗೆ ಕುದುರೆ ಸವಾರಿ: ಅನುಭವವಿದ್ದವರು ತಿಳಿಸಿ

ನಾವು ತೀರ್ಥಹಳ್ಳಿಯವರು. ನಮ್ಮ ಎಂಟು ವರ್ಷದ ಮಗ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಆಟದಲ್ಲಿ ಸೋತರೆ ಬಹಳ ಹೊತ್ತು ಅಳುತ್ತಾನೆ. ಶಿವಮೊಗ್ಗದಲ್ಲಿರುವ ಬಂಧುಗಳು ಕುದುರೆ ಸವಾರಿಗೆ ಸೇರಿಸಲು ಹೇಳುತ್ತಿದ್ದಾರೆ. ಅದರಿಂದ ಮಕ್ಕಳ ಮನಸ್ಸಿಗೆ ನಿಜವಾಗಿ ಏನು ಪ್ರಯೋಜನವಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ ಒಬ್ಬ ತಾಯಿ

ನನ್ನ ಮಗಳದೂ ಇದೇ ಸ್ವಭಾವವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವಳಿಗೆ ಧೈರ್ಯ ಬಂದಿದೆ. ಆದರೆ ಅದರಲ್ಲಿ ದೊಡ್ಡ ಪಾಲು ಸವಾರಿಗಿಂತ ಮೊದಲು ಮಾಡಿಸುವ ಕೆಲಸಗಳದ್ದು ಎಂದು ನನಗೆ ಅನ್ನಿಸುತ್ತದೆ. ಕಲಿಸುವವರು ಆರಂಭದ ಕೆಲವು ವಾರ ಅವಳನ್ನು ಜೀನಿನ ಮೇಲೆ ಕೂರಿಸಲೇ ಇಲ್ಲ. ಮೈ ಉಜ್ಜುವುದು, ಅಂಗೈ ಅಗಲಿಸಿ ಕ್ಯಾರೆಟ್ ತಿನ್ನಿಸುವುದು, ಹಗ್ಗ ಹಿಡಿದು ನಡೆಸುವುದು, ಇಷ್ಟನ್ನೇ ಮಾಡಿಸಿದರು.

ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿಯಷ್ಟು ಕಾಣುತ್ತದೆಯಾದರೂ ಬಾಲದ ನೇರ ಹಿಂಬದಿಯೂ ಹಣೆಯ ಎದುರಿನ ಸ್ವಲ್ಪ ಜಾಗವೂ ಕಾಣುವುದಿಲ್ಲ. ಬೇಟೆಗೆ ತುತ್ತಾಗುವ ಪ್ರಾಣಿಯಾದ್ದರಿಂದ ಅದು ಅನಿರೀಕ್ಷಿತ ಸ್ಪರ್ಶಕ್ಕೆ ಬೆದರುತ್ತದೆ. ಆದ್ದರಿಂದ ಅದರ ಎಡಭುಜದ ಕಡೆಯಿಂದ, ಮಾತನಾಡಿಸುತ್ತಲೇ ಹತ್ತಿರ ಹೋಗಬೇಕು. ನೆಂಟರ ಎದುರು ಹೆಸರು ಹೇಳಲೂ ಹಿಂಜರಿಯುತ್ತಿದ್ದ ಹುಡುಗಿಗೆ ಅಲ್ಲಿ ಮಾತನಾಡುವುದೇ ಮೊದಲ ಕೆಲಸವಾಯಿತು, ಮತ್ತು ಆ ಮಾತನ್ನು ತಿದ್ದುವವರೂ ನಗುವವರೂ ಅಲ್ಲಿ ಇರಲಿಲ್ಲ.

ಇನ್ನೊಂದು ಪ್ರಯೋಜನ ಸಿಟ್ಟು ಮತ್ತು ಅಳುವಿಗೆ ಸಂಬಂಧಿಸಿದ್ದು. ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡರೆ ಅದಕ್ಕೆ ಕಿರಿಕಿರಿಯಾಗಿದೆ ಎಂದು ಮಕ್ಕಳು ಬೇಗ ಕಲಿಯುತ್ತಾರೆ. ಅದೂ ನಮ್ಮನ್ನು ಗಮನಿಸುತ್ತಿರುತ್ತದೆ: ಕೋಪದ ಮುಖದ ಚಿತ್ರ ಕಂಡಾಗ ಕುದುರೆಗಳ ಹೃದಯಬಡಿತ ಏರುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ್ದಾರೆ. ಮಗಳು ರೇಗಿ ಹಗ್ಗ ಜಗ್ಗಿದ ದಿನ ಕುದುರೆ ಹೆಜ್ಜೆ ಕದಲಿಸಲಿಲ್ಲ. ಉಸಿರು ನಿಧಾನ ಮಾಡಿಕೊಂಡು, ಹಗ್ಗ ಸಡಿಲಿಸಿ, ತಾನೇ ಮುಂದೆ ನಡೆದಾಗ ಹಿಂಬಾಲಿಸಿತು. ನಾವು ಎಷ್ಟು ಬುದ್ಧಿ ಹೇಳಿದ್ದರೂ ಅವಳಿಗೆ ಅದು ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಅಳು ಪೂರ್ತಿ ನಿಂತಿದೆ ಎನ್ನಲಾರೆ, ಆದರೆ ಈಗ ತಾನಾಗಿಯೇ ಸಮಾಧಾನ ಮಾಡಿಕೊಳ್ಳುತ್ತಾಳೆ.

ಭದ್ರಾವತಿಯಿಂದ ಒಬ್ಬ ಫಿಸಿಯೋಥೆರಪಿಸ್ಟ್

ಮೇಲಿನ ಅಕ್ಕನವರ ಮಾತು ಸರಿ. ಇದಕ್ಕೆ ದೇಹದ ಕಡೆಯ ಒಂದು ಕಾರಣವನ್ನು ಸೇರಿಸುತ್ತೇನೆ. ಕುದುರೆ ನಡೆಯುವಾಗ ಸವಾರನ ಸೊಂಟ ಮನುಷ್ಯ ನಡೆಯುವಾಗಿನಂತೆಯೇ ಮೂರೂ ದಿಕ್ಕಿನಲ್ಲಿ ಲಯಬದ್ಧವಾಗಿ ಚಲಿಸುತ್ತದೆ. ಆ ಸಮತೋಲ ಒಗ್ಗಿದ ಮಗು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ, ಮತ್ತು ತನ್ನ ದೇಹದ ಮೇಲೆ ಮೂಡುವ ಈ ಹಿಡಿತ ಆತ್ಮವಿಶ್ವಾಸಕ್ಕೂ ಆಧಾರವಾಗುತ್ತದೆ. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆಯೇರಿ ಬೆಳ್ಳಿ ಗೆದ್ದರು. ಚಿಕಿತ್ಸೆಯ ರೂಪದ ಸವಾರಿಗೆ ಯುರೋಪಿನಲ್ಲಿ ಮನ್ನಣೆ ದೊರೆಯಲು ಅವರ ಸಾಧನೆಯೂ ಕಾರಣವಾಯಿತು.

ಆದರೆ ಸಾಮಾನ್ಯ ಸವಾರಿ ತರಗತಿಯನ್ನು ಚಿಕಿತ್ಸೆ ಎಂದು ಭಾವಿಸಬೇಡಿ. ಮಗುವಿನ ಮೌನ ಶಾಲೆಯ ಹೊರಗೂ ಹಾಗೆಯೇ ಇದ್ದರೆ ಮಕ್ಕಳ ತಜ್ಞರನ್ನು ಕಾಣುವುದನ್ನು ಮುಂದೂಡಬೇಡಿ. ಇದನ್ನು ಓದುತ್ತಿರುವ ಇತರ ಪೋಷಕರೂ ಗಮನಿಸಿ: ಮೂರ್ಛೆರೋಗವಿರುವ ಮಕ್ಕಳನ್ನು ವೈದ್ಯರ ಒಪ್ಪಿಗೆಯಿಲ್ಲದೆ ಕುದುರೆ ಹತ್ತಿಸಬಾರದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಮೂಳೆಸಂದು ಸಡಿಲವಾಗಿರುವುದರಿಂದ ಅವರ ವಿಷಯದಲ್ಲೂ ಇದೇ ಎಚ್ಚರಿಕೆ ಅಗತ್ಯ.

ಹೊಸನಗರದಿಂದ ನಿವೃತ್ತ ಶಿಕ್ಷಕರೊಬ್ಬರು

ಮೊಮ್ಮಗನನ್ನು ಕರೆದೊಯ್ದು ಕಲಿಸಿದ ಅನುಭವದಿಂದ ಹೇಳುತ್ತೇನೆ, ನಮ್ಮ ಮಳೆಗಾಲದಲ್ಲಿ ಆರಂಭಿಸಬೇಡಿ. ಕೆಸರಿನಲ್ಲಿ ಕುದುರೆ ಜಾರುತ್ತದೆ. ತರಗತಿಗಳು ಮೇಲಿಂದ ಮೇಲೆ ತಪ್ಪಿದರೆ ಅಂಜುಬುರುಕ ಮಗು ಪ್ರತಿ ಬಾರಿಯೂ ಮೊದಲಿನ ಭಯಕ್ಕೇ ಮರಳುತ್ತದೆ. ದಸರೆ ಕಳೆದ ಮೇಲೆ ಸೇರಿಸಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರವಿದೆ. ಒಂದು ಬೆಳಿಗ್ಗೆ ಅಲ್ಲಿ ಮಾವುತರು ಆನೆಗಳಿಗೆ ಸ್ನಾನ ಮಾಡಿಸುವುದನ್ನು ಹುಡುಗನಿಗೆ ತೋರಿಸಿ, ದೊಡ್ಡ ಪ್ರಾಣಿಯ ಹತ್ತಿರ ನಿಲ್ಲಲು ಅವನಿಗೆ ಇಷ್ಟವಿದೆಯೇ ಎಂದು ನೋಡಿಕೊಳ್ಳಿ. ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಮನೆಯ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಕರುವೊಂದರ ಆರೈಕೆಯನ್ನು ಅವನಿಗೇ ಒಪ್ಪಿಸಿದರೂ ಮೇಲಿನ ತಾಯಿ ಹೇಳಿದ ಪ್ರಯೋಜನದಲ್ಲಿ ಒಂದಂಶ ದೊರೆಯುತ್ತದೆ. ಇಷ್ಟಪಟ್ಟರೆ, ಸೇರಿಸುವ ಮುನ್ನ ಒಂದು ತರಗತಿಯನ್ನು ನೀವೇ ನಿಂತು ನೋಡಿ: ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಹತ್ತಿಸುವ ಅಥವಾ ಅಳುವ ಮಗುವನ್ನು ಗದರಿಸಿ ಕೂರಿಸುವ ಜಾಗವಾದರೆ ಅಲ್ಲಿಂದ ಹಿಂದಿರುಗಿ ಬನ್ನಿ.